ಅಂಕಪಟ್ಟಿಗೆ ಎರಡು ನಕ್ಷತ್ರ, ವಿಡಿಯೋಗೆ ಐದು

ಅಮೆರಿಕನ್ ಫುಟ್‌ಬಾಲ್ ಆಟಗಾರರಿಗೆ ವಾರ ವಾರ ನೂರಕ್ಕೆ ಇಷ್ಟು ಎಂದು ಅಂಕ ಹಾಕುವ ಸೇವೆಯೊಂದಕ್ಕೆ ಕಳೆದ ಋತುವಿನಲ್ಲಿ ಚಂದಾ ಕಟ್ಟಿದೆ. ಅದರಲ್ಲಿ ಎರಡು ದರ್ಜೆಗಳಿವೆ. ಅಗ್ಗದ ದರ್ಜೆಯಲ್ಲಿ ಅಂಕ ಮತ್ತು ಅಂಕಿಅಂಶ ಮಾತ್ರ. ದುಬಾರಿ ದರ್ಜೆಯಲ್ಲಿ, ಮೈದಾನದ ಇಪ್ಪತ್ತೆರಡು ಮಂದಿಯೂ ಒಂದೇ ಚೌಕಟ್ಟಿನಲ್ಲಿ ಕಾಣುವ, ತರಬೇತುದಾರರು ಬಳಸುವ ವಿಡಿಯೋ ಕೂಡ ಸಿಗುತ್ತದೆ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ರನ್ನಿಂಗ್ ಬ್ಯಾಕ್‌ಗಳಲ್ಲಿ, ಅಂದರೆ ಚೆಂಡು ಹಿಡಿದು ಓಡುವವರಲ್ಲಿ, ಯಾರು ಸ್ವಂತ ಶಕ್ತಿಯಿಂದ ಓಡುತ್ತಾರೆ, ಯಾರು ಎದುರಾಳಿಗಳನ್ನು ತಳ್ಳಿ ದಾರಿ ಬಿಡಿಸುವ ಮುಂಚೂಣಿಯ ಐವರ ದುಡಿಮೆಯನ್ನು ಉಣ್ಣುತ್ತಾರೆ ಎಂಬುದನ್ನು ತಿಳಿಯುವುದಷ್ಟೇ ನನ್ನ ಉದ್ದೇಶವಾಗಿತ್ತು. ಲೆಕ್ಕಪರಿಶೋಧನೆ ನನ್ನ ವೃತ್ತಿ. ಮೊತ್ತ ಕಂಡ ಕೂಡಲೇ ವೋಚರ್ ಕೇಳುವ ಚಟ ಮೈಗಂಟಿದೆ. ಇಲ್ಲಿ ಅಗ್ಗದ ದರ್ಜೆಯಲ್ಲಿ ಸಿಗುವುದು ಬರೀ ಮೊತ್ತ, ವೋಚರುಗಳೆಲ್ಲ ದುಬಾರಿ ದರ್ಜೆಯಲ್ಲಿವೆ.

ಮೊತ್ತವನ್ನು ಏಕೆ ನಂಬಬಾರದು ಎನ್ನುವುದಕ್ಕೆ ಹಳೆಯ ಉದಾಹರಣೆಯೊಂದಿದೆ. ಕ್ಲಿಂಟನ್ ಪೋರ್ಟಿಸ್ ಡೆನ್ವರ್ ತಂಡಕ್ಕೆ 2002 ಮತ್ತು 2003ರಲ್ಲಿ ಆಡಿದಾಗ ಪ್ರತಿ ಓಟಕ್ಕೆ ಸರಾಸರಿ 5.5 ಗಜ ಗಳಿಸಿದರು. 2004ರಲ್ಲಿ ವಾಷಿಂಗ್ಟನ್‌ಗೆ ಹೋದರು, ಸರಾಸರಿ 3.8ಕ್ಕೆ ಇಳಿಯಿತು. ಇಪ್ಪತ್ಮೂರರ ಹುಡುಗನ ಕಾಲಿಗೆ ಒಂದೇ ಬೇಸಿಗೆಯಲ್ಲಿ ಮುಪ್ಪು ಬಂದಿರಲಿಲ್ಲ. ಸಾಕ್ವಾನ್ ಬಾರ್ಕ್ಲಿಯದು ಇದರ ತಿರುವುಮುರುವು: 2023ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ಗೆ 3.9, ಮರುವರ್ಷ ಫಿಲಡೆಲ್ಫಿಯ ಈಗಲ್ಸ್‌ಗೆ 5.8, ಒಟ್ಟು 2,005 ಗಜ. ಈಗಲ್ಸ್‌ನ ಮುಂಚೂಣಿ ಬಲವಾಗಿತ್ತು. ಜೊತೆಗೆ ಚೆಂಡನ್ನು ಎಸೆಯುವ ಇಲ್ಲವೇ ಬ್ಯಾಕ್‌ಗೆ ಕೊಡುವ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ತಾನೇ ಚೆಂಡು ಇಟ್ಟುಕೊಂಡು ಓಡಬಹುದೆಂಬ ಭಯಕ್ಕೆ ಅಂಚಿನ ರಕ್ಷಕ ಅರೆಕ್ಷಣ ನಿಂತೇಬಿಡುತ್ತಾನೆ. ಆ ಅರೆಕ್ಷಣ ಗಜದ ಪಟ್ಟಿಯಲ್ಲಿ ಬಾರ್ಕ್ಲಿಯ ಹೆಸರಿಗೇ ಜಮೆಯಾಗುತ್ತದೆ.

ಈ ಸೇವೆ ಹಾಕುವ ಅಂಕ ಇಂಥ ಅನ್ಯಾಯವನ್ನು ಸರಿಪಡಿಸುತ್ತದೆ ಎಂಬುದು ಅವರ ಜಾಹೀರಾತು. ಒಂದಿಷ್ಟು ಸರಿಪಡಿಸುತ್ತದೆ ಎಂದು ಒಪ್ಪೋಣ. ಆದರೆ ಒಬ್ಬನಿಗೆ 71, ಇನ್ನೊಬ್ಬನಿಗೆ 78 ಏಕೆ ಬಂತು ಎಂದು ಕೇಳಿದರೆ ಪುಟದಲ್ಲಿ ಉತ್ತರವಿಲ್ಲ. ‘ತಪ್ಪಿಸಿಕೊಂಡ ಟ್ಯಾಕಲ್’ ಎಂಬ ಕಾಲಂ ಇದೆ, ಅಂದರೆ ಹಿಡಿದು ಕೆಡವಲು ಬಂದ ರಕ್ಷಕನಿಂದ ಜಾರಿಕೊಂಡದ್ದರ ಎಣಿಕೆ. ರಕ್ಷಕ ಬೆರಳು ತಾಗಿಸಿದರೂ ಟ್ಯಾಕಲ್ ಯತ್ನವೇ, ಮೈಮೇಲೆ ಬಿದ್ದರೆ ಮಾತ್ರವೇ? ಎಣಿಸುವವನ ಮರ್ಜಿ. ಇಡೀ ಪಟ್ಟಿಯಲ್ಲಿ ನನಗೆ ಹಿಡಿಸಿದ್ದು ಯಶಸ್ಸಿನ ಪ್ರಮಾಣದ ಕಾಲಂ ಒಂದೇ. ಹತ್ತು ಗಜ ಮುನ್ನಡೆಯಲು ತಂಡಕ್ಕೆ ನಾಲ್ಕು ಯತ್ನ, ಒಂದೊಂದೂ ಒಂದು ಡೌನ್. ಮೊದಲ ಡೌನ್‌ನಲ್ಲಿ ಬೇಕಾದ ಗಜಗಳಲ್ಲಿ ಶೇ 40, ಎರಡನೆಯದರಲ್ಲಿ ಶೇ 60, ಮೂರು ಮತ್ತು ನಾಲ್ಕರಲ್ಲಿ ಪೂರ್ತಿ ಗಳಿಸಿದರೆ ಆ ಓಟ ಯಶಸ್ವಿ. ಒಂದು ಗಜ ಬೇಕಿದ್ದಾಗ ಎರಡು ಗಜ ನುಗ್ಗಿದವನಿಗೆ ಇಲ್ಲಿ ಬೆಲೆಯಿದೆ. ಸರಾಸರಿ ಅವನನ್ನು ಶಿಕ್ಷಿಸುತ್ತದೆ.

ಇನ್ನು ವಿಡಿಯೋ. ಅದಕ್ಕೇ ನಾನು ದುಡ್ಡು ಕೊಟ್ಟಿದ್ದು. ವೀಕ್ಷಕ ವಿವರಣೆಯಿಲ್ಲ, ಪ್ರೇಕ್ಷಕರ ಗದ್ದಲವಿಲ್ಲ, ಜಾಹೀರಾತಿಲ್ಲ. ಒಂದರ ಹಿಂದೊಂದು ಆಟದ ತುಣುಕುಗಳು. ಪ್ರತಿ ತುಣುಕು ಎರಡು ಕೋನಗಳಲ್ಲಿದೆ. ಓಟ ನೋಡುವವರಿಗೆ ಬೇಕಾದದ್ದು ಮೈದಾನದ ತುದಿಯ ಪಟ್ಟಿಯಾದ ಎಂಡ್ ಝೋನ್ ಹಿಂದಿನ ಎತ್ತರದ ಕ್ಯಾಮೆರಾ. ದೂರದರ್ಶನದ ಪಕ್ಕದ ನೋಟದಲ್ಲಿ ಬರೀ ದೊಂಬಿಯಾಗಿ ಕಾಣುವುದು ಇಲ್ಲಿ ಸಂದುಗೊಂದುಗಳಾಗಿ ಬಿಡಿಸಿಕೊಳ್ಳುತ್ತದೆ.

‘ಔಟ್‌ಸೈಡ್ ಝೋನ್’ ಎಂಬ ಓಟವನ್ನೇ ತೆಗೆದುಕೊಳ್ಳಿ. ಮುಂಚೂಣಿಯ ಐವರೂ ಒಟ್ಟಿಗೆ ಬಲಕ್ಕೆ ಹೆಜ್ಜೆ ಇಡುತ್ತಾರೆ. ಬ್ಯಾಕ್ ಕೂಡ ಚೆಂಡು ಹಿಡಿದು ಬಲಕ್ಕೆ ಹೊರಡುತ್ತಾನೆ, ಕಣ್ಣು ಅಂಚಿನ ರಕ್ಷಕನ ಮೇಲೆ. ಆ ರಕ್ಷಕ ಒಳಕ್ಕೆ ತಳ್ಳಿಸಿಕೊಂಡರೆ ಹೊರಗಿನಿಂದ ಓಡಬೇಕು. ಹೊರಗೇ ಗಟ್ಟಿಯಾಗಿ ನಿಂತರೆ ಒಳಗಿನ ಸಂದು ಹುಡುಕಬೇಕು. ಸಾಧಾರಣ ಬ್ಯಾಕ್ ಸಂದು ಕಂಡ ಕೂಡಲೇ ತಿರುಗುತ್ತಾನೆ; ಎದುರಾಳಿ ಮುಂಚೂಣಿಯ ಹಿಂದೆ ನಿಲ್ಲುವ ರಕ್ಷಕ ಲೈನ್‌ಬ್ಯಾಕರ್ ಕೂಡ ಅವನೊಂದಿಗೇ ತಿರುಗಿ ಸಂದನ್ನು ಮುಚ್ಚುತ್ತಾನೆ. ಒಳ್ಳೆಯವನು ಸಂದು ಕಂಡಮೇಲೂ ಬಲಕ್ಕೆ ಇನ್ನೊಂದು ಹೆಜ್ಜೆ ಹಾಕುತ್ತಾನೆ. ಲೈನ್‌ಬ್ಯಾಕರ್ ಆ ಕಡೆಗೆ ವಾಲುತ್ತಾನೆ, ನಮ್ಮ ಮುಂಚೂಣಿಯವನ ಎದೆಗೆ ಸಿಕ್ಕಿಬೀಳುತ್ತಾನೆ. ಆಗ ಬ್ಯಾಕ್ ಬಲಗಾಲು ಊರಿ, ಒಂದೇ ಒಂದು ತಿರುವಿನಲ್ಲಿ ಎಡಕ್ಕೆ ನುಗ್ಗುತ್ತಾನೆ. ಗಳಿಸಿದ್ದು ಆರು ಗಜವೇ ಇರಬಹುದು, ಆದರೆ ಆ ಹೆಚ್ಚಿನ ಹೆಜ್ಜೆಯಲ್ಲಿ ಅವನ ಬುದ್ಧಿಯೆಲ್ಲ ಇದೆ. ಹಿಂದಕ್ಕೆ ಓಡಿಸಿ, ನಿಲ್ಲಿಸಿ, ಮತ್ತೆ ನೋಡಿ. ಅಂಕಪಟ್ಟಿಯ ಯಾವ ಕಾಲಂನಲ್ಲೂ ಈ ಹೆಜ್ಜೆಗೆ ಜಾಗವಿಲ್ಲ.

ಕಾಯುವ ಕಲೆಗೂ ಮಿತಿಯಿದೆ ಅನ್ನಿ. ಲೆವಿಯಾನ್ ಬೆಲ್ ಪಿಟ್ಸ್‌ಬರ್ಗ್‌ನಲ್ಲಿದ್ದಾಗ ಚೆಂಡು ಹಿಡಿದು ಮುಂಚೂಣಿಯ ಬೆನ್ನಿಗೆ ಬಹುತೇಕ ನಿಂತೇಬಿಡುತ್ತಿದ್ದರು, ಬಾಗಿಲು ತೆರೆದಾಗ ನುಸುಳುತ್ತಿದ್ದರು. 2016ರಲ್ಲಿ ಹಾಗೆಯೇ ಪ್ರತಿ ಓಟಕ್ಕೆ 4.9 ಗಜ. 2019ರಲ್ಲಿ ಜೆಟ್ಸ್ ತಂಡಕ್ಕೆ ಅದೇ ತಾಳ್ಮೆ ಒಯ್ದರು, ಸರಾಸರಿ 3.2. ಬಾಗಿಲು ತೆರೆಯುವವರೇ ಇಲ್ಲದ ಕಡೆ ಕಾಯುವುದು ದಂಡ. ಹಾಗಾಗಿ ಯಾವ ಬ್ಯಾಕ್‌ನ ಗುಣ ಹೇಳುವಾಗಲೂ ಅವನು ಯಾರ ಬೆನ್ನಿಗೆ ಓಡುತ್ತಾನೆ ಎಂದು ಕೇಳದೆ ನಾನು ಬಾಯಿ ತೆರೆಯುವುದಿಲ್ಲ. ನನ್ನ ಭಾವನಿಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಅವರ ಲೋಕದಲ್ಲಿ, ತೊಂಬತ್ತರ ದಶಕದ ಇಬ್ಬರು ಬ್ಯಾಕ್‌ಗಳಲ್ಲಿ, ಬ್ಯಾರಿ ಸ್ಯಾಂಡರ್ಸ್‌ನ 5.0 ಸರಾಸರಿ ಎಮಿಟ್ ಸ್ಮಿತ್‌ನ 4.2ಕ್ಕಿಂತ ದೊಡ್ಡದು, ಅಲ್ಲಿಗೆ ವಾದ ಮುಗಿಯಿತು. ಸ್ಮಿತ್ ಒಟ್ಟು 18,355 ಗಜ ಓಡಿದ್ದು ಅವರ ಕಿವಿಗೆ ಬೀಳುವುದೇ ಇಲ್ಲ. ನನಗೂ ಸ್ಯಾಂಡರ್ಸ್‌ನೇ ಮೇಲು. ಆದರೆ ಕಾರಣ ಆ ದಶಾಂಶವಲ್ಲ.

ಚೆಂಡು ಕೈಯಲ್ಲಿಲ್ಲದಾಗ ಬ್ಯಾಕ್ ಏನು ಮಾಡುತ್ತಾನೆ ಎಂಬುದು ಇಪ್ಪತ್ತೆರಡು ಜನರ ಚೌಕಟ್ಟು ಕೊಡುವ ಇನ್ನೊಂದು ಲಾಭ. ಕ್ವಾರ್ಟರ್‌ಬ್ಯಾಕ್ ಎಸೆಯಲು ಹಿಂದೆ ಸರಿದಾಗ ಬ್ಯಾಕ್ ಕಾವಲುಗಾರ. ಒಳಗಿನಿಂದ ಹೊರಕ್ಕೆ ಕಣ್ಣಾಡಿಸಿ, ಕ್ವಾರ್ಟರ್‌ಬ್ಯಾಕ್‌ಗೆ ಹತ್ತಿರದ ದಾರಿಯಲ್ಲಿ ಬರುವವನನ್ನು ಮೊದಲು ತಡೆಯಬೇಕು. ತನಗಿಂತ ಹೆಚ್ಚು ತೂಗುವ ಲೈನ್‌ಬ್ಯಾಕರ್ ನಡುವಿನಿಂದ ನುಗ್ಗಿದಾಗ ಮುಂದೆ ಹೆಜ್ಜೆ ಹಾಕಿ ಎದೆ ಕೊಡುವವರೂ ಇದ್ದಾರೆ, ತಲೆ ತಗ್ಗಿಸಿ ಕಾಲಿಗೆ ಬೀಳುವವರೂ ಇದ್ದಾರೆ. ದೂರದರ್ಶನದ ಕ್ಯಾಮೆರಾ ಅಷ್ಟರಲ್ಲಿ ಚೆಂಡಿನ ಹಿಂದೆ ಹೊರಟಿರುತ್ತದೆ. ಹೆಚ್ಚಾಗಿ ಚೆಂಡು ಎಸೆಯುವ ಮೂರನೆಯ ಡೌನ್ ಬಂದಾಗ ಕೆಲವು ಹೆಸರುವಾಸಿ ಓಟಗಾರರನ್ನು ಬೆಂಚಿಗೆ ಏಕೆ ಕರೆಯುತ್ತಾರೆ ಎಂಬುದು ಈ ತುಣುಕುಗಳನ್ನು ನೋಡಿದ ಮೇಲೆ ಅರ್ಥವಾಗುತ್ತದೆ.

ಚೆಂಡು ಬೀಳಿಸುವವರ ವಿಷಯದಲ್ಲಿ ಮಾತ್ರ ಎಣಿಕೆಗೂ ವಿಡಿಯೋಗೂ ಜಗಳವಿಲ್ಲ. ಜೈಂಟ್ಸ್ ತಂಡದ ಬ್ಯಾಕ್ ಟಿಕಿ ಬಾರ್ಬರ್ 2003ರಲ್ಲಿ ಒಂಬತ್ತು ಬಾರಿ ಚೆಂಡು ಕೈಬಿಟ್ಟರು. ಮರುವರ್ಷ ಬಂದ ತರಬೇತುದಾರ ಟಾಮ್ ಕಾಫ್ಲಿನ್ ಚೆಂಡನ್ನು ಎದೆಯೆತ್ತರಕ್ಕೆ ಒತ್ತಿ ಹಿಡಿಯುವುದನ್ನು ರೂಢಿ ಮಾಡಿಸಿದರು; 2005ರಲ್ಲಿ 1,860 ಗಜ ಓಡಿಯೂ ಬಾರ್ಬರ್ ಕೈಬಿಟ್ಟದ್ದು ಒಂದೇ ಸಲ. ಮೊಣಕೈ ಪಕ್ಕೆಯಿಂದ ದೂರ ಸರಿಯುತ್ತಿದೆಯೇ ಎಂದು ನೋಡಿ, ಸಾಕು.

ಸೇವೆಯ ಕೊರತೆಗಳೂ ಕಡಿಮೆಯಿಲ್ಲ. ಭಾನುವಾರದ ಪಂದ್ಯದ ವಿಡಿಯೋ ಸೋಮವಾರ ಸಿಗುತ್ತದೆಂದು ನಂಬಿ ಕೂರಬೇಡಿ. ಒಬ್ಬ ಆಟಗಾರನ ಓಟಗಳನ್ನಷ್ಟೇ ಹೆಕ್ಕಿ ಕೊಡುವ ಸೌಲಭ್ಯ ಮೊಬೈಲ್‌ನಲ್ಲಿ ಆಗಾಗ ಸಿಕ್ಕಿಕೊಳ್ಳುತ್ತದೆ, ಲ್ಯಾಪ್‌ಟಾಪ್ ವಾಸಿ. ತೊಂಬತ್ತರ ದಶಕದ ಪಂದ್ಯಗಳೇ ಇಲ್ಲ, ಆದ್ದರಿಂದ ಭಾವನ ಜೊತೆಗಿನ ವ್ಯಾಜ್ಯಕ್ಕೆ ಇಲ್ಲಿ ಸಾಕ್ಷಿ ಸಿಗುವುದಿಲ್ಲ. ಗ್ರಾಹಕ ವಿಭಾಗಕ್ಕೆ ಬರೆದರೆ ಧನ್ಯವಾದ ತಪ್ಪದೆ ಬರುತ್ತದೆ, ಉತ್ತರ ಬರುವುದಿಲ್ಲ.

ಅಗ್ಗದ ದರ್ಜೆಗೆ ದುಡ್ಡು ಹಾಕಬೇಡಿ. ದುಬಾರಿಯದನ್ನು ಋತು ಶುರುವಾಗುವ ಸೆಪ್ಟೆಂಬರ್‌ನಲ್ಲಿ ಕೊಳ್ಳಿ. ಫೆಬ್ರುವರಿಯಲ್ಲಿ ಫೈನಲ್ ಪಂದ್ಯವಾದ ಸೂಪರ್ ಬೌಲ್ ಮುಗಿದ ಮೇಲೆ ಸ್ವಯಂಚಾಲಿತ ನವೀಕರಣವನ್ನು ನಿಲ್ಲಿಸಿ. ಆ ಗುಂಡಿಯನ್ನು ಖಾತೆಯ ಪುಟದಲ್ಲಿ ಹುಡುಕಿದರೆ ಸಿಗುವುದಿಲ್ಲ, ಪಾವತಿ ಇತಿಹಾಸದ ತಳದಲ್ಲಿ ಇಟ್ಟಿದ್ದಾರೆ.