ಅಪ್ಪನ 38 ದಿನದ ಆಸ್ಪತ್ರೆ ವಾಸ: ಐಸಿಯುಗೆ ಮೂರು ಸ್ಟಾರ್, ಲ್ಯಾಬಿಗೆ ಐದು

ಆಸ್ಪತ್ರೆಯ ಹೆಸರು ಹಾಕುವುದಿಲ್ಲ, ಕಾಮೆಂಟಿನಲ್ಲಿ ಕೇಳಬೇಡಿ. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆ, ಅಷ್ಟು ಸಾಕು. ಅಪ್ಪನಿಗೆ ಕರುಳು ತೂತಾಗಿ ತಿಪಟೂರಿನಿಂದ ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ಕರೆದುಕೊಂಡು ಬಂದೆವು. ಬೆಳಗಾಗುವುದರೊಳಗೆ ಆಪರೇಷನ್ ಮುಗಿದಿತ್ತು. ಸರ್ಜನ್ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಹೇಳುವುದಿಲ್ಲ. ಅವರಿಂದಲೇ ಅಪ್ಪ ಉಳಿದದ್ದು.

ತಕರಾರು ಇರುವುದು ಆಮೇಲಿನ ಐಸಿಯು ಬಗ್ಗೆ.

ಕತ್ತಿನಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಗೆ ಇಳಿಸುವ ಪೈಪು), ಮೂತ್ರಕ್ಕೆ ಕ್ಯಾತಿಟರ್, ಹೊಟ್ಟೆಗೆ ಏನೂ ಕೊಡುವ ಹಾಗಿಲ್ಲ ಅಂತ ನರದ ಮೂಲಕವೇ ಊಟ, ಜೊತೆಗೆ ಮೂರು ಆ್ಯಂಟಿಬಯೋಟಿಕ್. ಹದಿನಾರನೇ ದಿನ ಮತ್ತೆ ಜ್ವರ ಬಂತು. ರಕ್ತ ಕಲ್ಚರ್‌ಗೆ ಕಳಿಸಿದರು, ಅಂದರೆ ಅದರಲ್ಲಿ ರೋಗಾಣು ಏನಾದರೂ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ. ಎರಡು ದಿನ ಬಿಟ್ಟು ಡ್ಯೂಟಿ ಡಾಕ್ಟರ್ ಬಂದು 'ಯೀಸ್ಟ್ ಬೆಳೆದಿದೆ' ಅಂದರು. ಅಮ್ಮ ನನ್ನ ಕಡೆ ತಿರುಗಿ 'ಬನ್ನಿಗೆ ಹಾಕ್ತಾರಲ್ಲ, ಅದಾ?' ಅಂತ ಕೇಳಿದರು. ನನಗೂ ಬೇರೆ ಏನೂ ಗೊತ್ತಿರಲಿಲ್ಲ.

ಫ್ಲುಕೊನಜೋಲ್ ಅನ್ನೋ ಶಿಲೀಂಧ್ರ ಕೊಲ್ಲುವ ಔಷಧಿ ಶುರು ಮಾಡಿದರು. ಜ್ವರ ಇಳಿಯಲಿಲ್ಲ. ಮಾರನೇ ದಿನ ಅಪ್ಪನ ಹಾಸಿಗೆಯನ್ನು ಮೂಲೆಯ ರೂಮಿಗೆ ತಳ್ಳಿದರು, ಬಾಗಿಲಿಗೆ ಕೆಂಪು ಬೋರ್ಡ್ ಬಂತು, ಒಳಗೆ ಹೋಗುವವರಿಗೆ ಗೌನು, ಗ್ಲೌಸು. ಯಾಕೆ ಅಂತ ಮಾತ್ರ ಯಾರೂ ಹೇಳಲಿಲ್ಲ. ಕೇಳಿದರೆ 'ಇನ್ಫೆಕ್ಷನ್ ಇದೆ, ಕೈ ತೊಳ್ಕೊಳ್ಳಿ' ಅಷ್ಟೇ. ಹೀಗೆ ನಾಲ್ಕು ದಿನ. ಎರಡು ಸ್ಟಾರ್ ಕಡಿಮೆ ಮಾಡಿದ್ದರಲ್ಲಿ ಒಂದು ಈ ನಾಲ್ಕು ದಿನಕ್ಕೆ.

ಕೊನೆಗೆ ಹೇಳಿದವರು ಲ್ಯಾಬಿನ ಮೈಕ್ರೋಬಯಾಲಜಿ ಡಾಕ್ಟರ್. ರಿಪೋರ್ಟ್ ಕೈಯಲ್ಲಿ ಹಿಡಿದು ತಾವೇ ಮೇಲೆ ಬಂದರು, ಕಾರಿಡಾರಿನಲ್ಲಿ ನಿಂತು ಕಾಲು ಗಂಟೆ ಮಾತಾಡಿದರು. ಹೆಸರು ಕ್ಯಾಂಡಿಡಾ ಆರಿಸ್. ಯೀಸ್ಟ್ ಜಾತಿಯ ಶಿಲೀಂಧ್ರವೇ, ಆದರೆ ಬನ್ನಿನ ಯೀಸ್ಟ್ ಅಲ್ಲ. 2009ರಲ್ಲಿ ಜಪಾನಿನಲ್ಲಿ ಒಬ್ಬ ವಯಸ್ಸಾದ ಹೆಂಗಸಿನ ಕಿವಿಯಿಂದ ತೆಗೆದ ಸ್ಯಾಂಪಲ್ಲಿನಲ್ಲಿ ಇದನ್ನು ಮೊದಲು ಗುರುತಿಸಿದ್ದಂತೆ, ಲ್ಯಾಟಿನ್‌ನಲ್ಲಿ ಆರಿಸ್ ಅಂದರೆ ಕಿವಿ. ನಮ್ಮ ದೇಶದ್ದು ಹೊಸ ಕಥೆಯೇನೂ ಅಲ್ಲ, ದೆಹಲಿಯ ಎರಡು ಆಸ್ಪತ್ರೆಗಳ 12 ರೋಗಿಗಳ ರಕ್ತದಲ್ಲಿ ಇದು ಸಿಕ್ಕ ವರದಿ 2013ರಲ್ಲೇ ಬಂದಿದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿದಾಗ ಇದನ್ನು ಎಲ್ಲಕ್ಕಿಂತ ಮೇಲಿನ ಗುಂಪಿಗೇ ಹಾಕಿತು.

ಫ್ಲುಕೊನಜೋಲ್‌ಗೆ ಇದು ಹೆಚ್ಚಿನ ಸಲ ಬಗ್ಗುವುದಿಲ್ಲ. ಇನ್ನೊಂದು ತೊಂದರೆ ಹೆಸರಿನದು. ಹಳೆ ರೀತಿಯ ಗುರುತಿಸುವ ಮೆಷಿನ್‌ಗಳು ಇದನ್ನು ಇದರ ದಾಯಾದಿ ಕ್ಯಾಂಡಿಡಾ ಹೀಮ್ಯುಲೋನಿ ಅಂತ ತಪ್ಪಾಗಿ ತೋರಿಸುತ್ತವೆ. ಇಲ್ಲೂ ಮೊದಲ ಮೆಷಿನ್ ಹಾಗೇ ಹೇಳಿತ್ತು. ಅವರಿಗೆ ಅನುಮಾನ ಬಂದು ಮಾಲ್ಡಿ-ಟಾಫ್ ಅನ್ನೋ ಮೆಷಿನ್ನಿನಲ್ಲಿ ಇನ್ನೊಮ್ಮೆ ನೋಡಿದರು. ಆ ಅನುಮಾನ ಬರದೇ ಹೋಗಿದ್ದರೆ ನಾವು ಏನು ಮಾಡಬೇಕಿತ್ತೋ. ಲ್ಯಾಬಿಗೆ ಐದು ಸ್ಟಾರ್ ಕೊಟ್ಟಿದ್ದು ಇದಕ್ಕೇ.

ಔಷಧಿ ಬದಲಾಯಿತು. ಕ್ಯಾಸ್ಪೊಫಂಗಿನ್, ದಿನಕ್ಕೊಂದು ಸಲ ಡ್ರಿಪ್ಪಿನಲ್ಲಿ. ಒಂದೊಂದು ವಯಲ್ಲೂ ಸಾವಿರಗಳ ಲೆಕ್ಕ. ಫಾರ್ಮಸಿಯವರು ದಿನಾ ಬೆಳಗ್ಗೆ ಅಡ್ವಾನ್ಸ್ ಕಟ್ಟಿದ ಮೇಲೇ ಮೇಲೆ ಕಳಿಸುತ್ತಿದ್ದರು, ಇನ್ಶೂರೆನ್ಸ್ ಇದ್ದರೂ ಸಹ. ಕತ್ತಿನ ಲೈನ್ ಕಿತ್ತು ಬೇರೆ ಕಡೆ ಹೊಸದು ಹಾಕಿದರು, ಯಾಕೆಂದರೆ ಈ ಯೀಸ್ಟ್ ಪೈಪಿನ ಒಳಗೋಡೆಗೆ ಲೋಳೆಯ ಹಾಗೆ ಅಂಟಿ ಕೂರುತ್ತದೆ. ಕಣ್ಣಿನ ಡಾಕ್ಟರ್ ಬಂದು ಡ್ರಾಪ್ಸ್ ಹಾಕಿ ನೋಡಿದರು. ಹೊಟ್ಟೆ ಆಪರೇಷನ್‌ಗೂ ಕಣ್ಣಿಗೂ ಏನು ಸಂಬಂಧ ಅಂತ ನಾನು ಬಿಲ್ಲಿನ ಮೇಲೇ ಅನುಮಾನಪಟ್ಟಿದ್ದೆ. ತಪ್ಪು ನನ್ನದೇ. ರಕ್ತದಲ್ಲಿ ಓಡಾಡುವ ಯೀಸ್ಟ್ ಕಣ್ಣಿನ ಹಿಂದೆ ಹೋಗಿ ಕೂರಬಹುದಂತೆ, ನೋಡಲೇಬೇಕು. ಕಲ್ಚರ್ ಶುದ್ಧ ಅಂತ ಬಂದ ಮೇಲೂ ಎರಡು ವಾರ ಡ್ರಿಪ್ ನಿಲ್ಲಿಸಲಿಲ್ಲ.

ಈಗ ಐಸಿಯುನ ಸ್ವಚ್ಛತೆಗೆ ಬರುತ್ತೇನೆ. ಲಾಬಿ ನೋಡಿದರೆ ಹೋಟೆಲ್ ಅನ್ನಬೇಕು. ಗ್ರಾನೈಟ್ ಫಳಫಳ, ಎಲ್ಲೆಲ್ಲೂ ನಿಂಬೆಹಣ್ಣಿನ ವಾಸನೆ. ಐಸಿಯು ಬಾಗಿಲಲ್ಲಿ ಹ್ಯಾಂಡ್ ರಬ್ ಬಾಟ್ಲಿ ನಾನು ನೋಡಿದ ಹಾಗೆ ಎರಡು ಸಲ ಖಾಲಿ. ಬಿಪಿ ಕಟ್ಟುವ ಪಟ್ಟಿ ಒಂದೇ, ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿತ್ತು. ಕಂಕುಳಲ್ಲಿ ಇಡುವ ಥರ್ಮಾಮೀಟರನ್ನು ಹತ್ತಿಯಲ್ಲಿ ಒಂದು ಸಲ ಒರೆಸಿ ಪಕ್ಕದವರಿಗೆ. ಅದರಿಂದಲೇ ಅಪ್ಪನಿಗೆ ಬಂತು ಅಂತ ನಾನು ಹೇಳುತ್ತಿಲ್ಲ, ಹೇಳುವುದಕ್ಕೆ ಆಧಾರವೂ ಇಲ್ಲ. ಆದರೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಒಂದು ನರರೋಗ ಐಸಿಯುನಲ್ಲಿ ಇದೇ ಯೀಸ್ಟ್ ಸುಮಾರು 70 ಜನಕ್ಕೆ ಹರಡಿದಾಗ ಹುಡುಕುತ್ತಾ ಹೋದವರ ಕೈಗೆ ಸಿಕ್ಕಿದ್ದು ಮತ್ತೆ ಮತ್ತೆ ಬಳಸುತ್ತಿದ್ದ ಕಂಕುಳ ಥರ್ಮಾಮೀಟರ್. ಅವನ್ನು ತೆಗೆದುಹಾಕಿದ ಮೇಲೆ ಕೇಸು ಕಡಿಮೆಯಾದವು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಂಚದ ಕಂಬಿಯ ಮೇಲೆ ಇದು ವಾರಗಟ್ಟಲೆ ಬದುಕುತ್ತದೆ. ಆಸ್ಪತ್ರೆಗಳಲ್ಲಿ ದಿನಾ ಬಳಸುವ ಕೆಲವು ಕ್ಲೀನರ್‌ಗಳಿಗೆ ಸರಿಯಾಗಿ ಸಾಯುವುದಿಲ್ಲ, ಕ್ಲೋರಿನ್ ಇರುವ ಬ್ಲೀಚ್ ಥರದ್ದು ಬೇಕು. ರಿಪೋರ್ಟ್ ಬಂದ ದಿನದಿಂದ ಆ ರೂಮಿನಲ್ಲಿ ನಿಂಬೆ ವಾಸನೆ ಹೋಗಿ ಬ್ಲೀಚ್ ವಾಸನೆ ಬಂತು. ಎರಡು ಹೊತ್ತು ಕಂಬಿ, ಪಂಪು, ಸ್ಟ್ಯಾಂಡು ಎಲ್ಲ ಒರೆಸಿ ಹೋಗುತ್ತಿದ್ದ ಆಯಾ ಒಬ್ಬರಿದ್ದರು. ಇಡೀ ಆಸ್ಪತ್ರೆಯಲ್ಲಿ ನನಗೆ ಅತಿ ಹೆಚ್ಚು ನಂಬಿಕೆ ಹುಟ್ಟಿಸಿದ ಕೆಲಸ ಅವರದು.

ಇನ್ನೊಂದು ವಿಷಯ, ಇದು ಸುಮ್ನೆ ಬಿಡುವಂಥದ್ದಲ್ಲ. ಆ್ಯಂಟಿಬಯೋಟಿಕ್ ಜೊತೆಗೆ ಭೇದಿ ಆಗದಿರಲಿ ಅಂತ ಒಂದು ಪುಡಿಯ ಸ್ಯಾಶೆ ಕೊಡುತ್ತಾರಲ್ವಾ? ಅದರಲ್ಲಿ ಒಂದು ಬಗೆಯದು ಜೀವಂತ ಯೀಸ್ಟ್, ಸ್ಯಾಕರೋಮೈಸಿಸ್ ಬೌಲಾರ್ಡಿ. ಬನ್ನಿನ ಯೀಸ್ಟಿಗೆ ಖಾಸಾ ಸಂಬಂಧಿ. ಮನೆಯಲ್ಲಿರುವ ಗಟ್ಟಿಮುಟ್ಟಾದವರಿಗೆ ತೊಂದರೆ ತೀರಾ ಅಪರೂಪ. ಸೆಂಟ್ರಲ್ ಲೈನ್ ಇರುವವರ ಹತ್ತಿರ ಸ್ಯಾಶೆ ಹರಿದರೆ, ಪುಡಿ ಕೈಗೆ ಅಂಟಿ, ಆ ಕೈ ಲೈನ್ ಮುಟ್ಟಿ, ಯೀಸ್ಟ್ ನೇರ ರಕ್ತಕ್ಕೆ ಹೋಗಿರುವ ಕೇಸುಗಳಿವೆ. ಯುರೋಪಿನಲ್ಲಿ 2017ರಿಂದ ಅಂಥ ರೋಗಿಗಳಿಗೆ ಇದನ್ನು ಕೊಡಬಾರದು ಅಂತ ಎಚ್ಚರಿಕೆ ಇದೆ. ಅಪ್ಪನ ಪಕ್ಕದ ಹಾಸಿಗೆಯ ಹತ್ತಿರ ಸಿಸ್ಟರ್ ಒಬ್ಬರು ಅದನ್ನೇ ಹರಿಯುತ್ತಿದ್ದಾಗ ಲ್ಯಾಬಿನ ಡಾಕ್ಟರ್ ಕೂಗಿ ನಿಲ್ಲಿಸಿದ್ದನ್ನು ನಾನೇ ಕಂಡೆ. ಅಮ್ಮ ಕೇಳಿದ 'ಬನ್ನಿಗೆ ಹಾಕ್ತಾರಲ್ಲ, ಅದಾ?' ಅನ್ನೋ ಪ್ರಶ್ನೆ ಅಷ್ಟೇನೂ ಪೆದ್ದು ಪ್ರಶ್ನೆ ಆಗಿರಲಿಲ್ಲ.

ಕ್ಯಾಂಟೀನ್ ಬಗ್ಗೆಯೂ ಹೇಳಿಬಿಡುತ್ತೇನೆ: ಖಾರಾಬಾತ್ ಪರವಾಗಿಲ್ಲ, ಕಾಫಿ ಬೇಡ.

ಎರಡನೇ ಸ್ಟಾರ್ ಹೋಗಿದ್ದು ಡಿಸ್ಚಾರ್ಜ್ ದಿನ. ಏಳು ಪುಟದ ಸಮ್ಮರಿ ಕೊಟ್ಟರು. 'ಸೆಪ್ಸಿಸ್, ಚಿಕಿತ್ಸೆ ನೀಡಲಾಗಿದೆ' ಅಂತಿತ್ತು, ಅಂದರೆ ಮೈಗೆಲ್ಲ ಏರಿದ ಸೋಂಕು ಅಂತ ಅಷ್ಟೇ. ಕ್ಯಾಂಡಿಡಾ ಆರಿಸ್ ಅನ್ನೋ ಹೆಸರು ಎಲ್ಲೂ ಇಲ್ಲ! ರಕ್ತದಿಂದ ಹೋದರೂ ಚರ್ಮದ ಮೇಲೆ ಇದು ತಿಂಗಳುಗಟ್ಟಲೆ ಉಳಿಯಬಹುದು, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಇದನ್ನೇ ಹೇಳಿ ಅಂತ ಲ್ಯಾಬಿನವರು ಹೇಳಿದ್ದರು. ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ, ಕೈ ತೊಳೆದರೆ ಸಾಕು, ಆರೋಗ್ಯವಾಗಿರುವವರಿಗೆ ಇದು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ ಅಂತಲೂ ಹೇಳಿದ್ದರು. (ಅಮ್ಮ ಆದರೂ ಲೋಟ ಬೇರೆ ಇಟ್ಟಿದ್ದಾರೆ.) ಹೆಸರು ಸೇರಿಸಿ ಕೊಡಿ ಅಂದರೆ ಕೌಂಟರಿನವರು 'ಸಿಸ್ಟಮ್ ಕ್ಲೋಸ್ ಆಗಿದೆ ಸರ್' ಅಂದರು. ಮೂರು ಗಂಟೆ ಅಲೆದೆ. ಕೊನೆಗೆ ತಿದ್ದಿದ ಸಮ್ಮರಿ ಸಿಕ್ಕಿತು, ಡ್ಯೂಪ್ಲಿಕೇಟ್ ಕಾಪಿ ಚಾರ್ಜ್ ಅಂತ 200 ರೂಪಾಯಿ ರಸೀದಿ ಸಮೇತ.

ಎರಡು ತಿಂಗಳಾದ ಮೇಲೆ ಹೊಟ್ಟೆಯ ಇನ್ನೊಂದು ಸಣ್ಣ ಆಪರೇಷನ್‌ಗೆ ತುಮಕೂರಿಗೆ ಹೋದೆವು. ಅಡ್ಮಿಷನ್ನಿನಲ್ಲಿ ಆ ಪುಟ ಮೊದಲು ತೋರಿಸಿದೆ. ಸಿಸ್ಟರ್ ಓದಿದರು, ಏನೂ ಗಾಬರಿ ತೋರಿಸದೆ ಅಪ್ಪನನ್ನು ಒಂಟಿ ರೂಮಿಗೆ ಕರೆದುಕೊಂಡು ಹೋದರು, ಕಂಕುಳು ಮತ್ತು ತೊಡೆ ಸಂದಿನಿಂದ ಸ್ವಾಬ್ ತೆಗೆದರು. ಅಪ್ಪ 'ಇದೆಲ್ಲಾ ಆಯ್ತಲ್ಲಮ್ಮಾ ಅಲ್ಲೇ' ಅಂದರು. 'ಇರ್ಲಿ ತಾತ, ಇನ್ನೊಂದ್ಸಲ ನೋಡಣ' ಅಂದರು ಆಕೆ.

ನಾಲ್ಕು ದಿನಕ್ಕೆ ರಿಪೋರ್ಟ್ ಬಂತು. ಕಂಕುಳಲ್ಲಿ ಇನ್ನೂ ಇತ್ತು.