ಅವ್ವನ ರೊಟ್ಟಿಗೆ ಬದಲಿ ಯಾವುದು? ವಿಜಯಪುರದ ನಾಲ್ಕು ರೊಟ್ಟಿ, ಎರಡು ತಿಂಗಳ ಊಟ

ಮಾರ್ಚ್‌ನಲ್ಲಿ ಅವ್ವನ ಬಲಭುಜ ಹಿಡಿದುಕೊಂಡಿತು. ಡಾಕ್ಟರು ನೋಡಿ, "ಇನ್ನ ರೊಟ್ಟಿ ಬಡಿಯೂದು ಬಿಡ್ರಿ ಅವ್ವಾರ" ಎಂದರು. ಸಣ್ಣ ವಯಸ್ಸಿನಿಂದ ದಿನಾ ರೊಟ್ಟಿ ಬಡಿದ ಕೈ ಅದು. ಅವ್ವ ಅಲ್ಲಿ ಏನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಒಂದೇ ಮಾತು ಕೇಳಿದಳು: "ಹಂಗಾರ ನಾಳಿ ಊಟಕ್ಕ ಏನು?"

ನಾನು, ಹೆಂಡತಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಡುವವರು. ಚಪಾತಿ ಲಟ್ಟಿಸಲು ಬರುತ್ತದೆ, ಅನ್ನಕ್ಕೆ ಕುಕ್ಕರ್ ಇದೆ. ಆದರೆ ಮಧ್ಯಾಹ್ನ ತಟ್ಟೆಯಲ್ಲಿ ಜೋಳದ ರೊಟ್ಟಿ ಇಲ್ಲದಿದ್ದರೆ ಉಂಡ ಹಾಗೆ ಅನ್ನಿಸುವುದಿಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಂಡತಿ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದಾಳೆ, ನಾನೂ ಕೈ ಹಚ್ಚಿದ್ದೇನೆ. ಅದು ಕೈಗೆ ಹತ್ತಲು ವರ್ಷ ಬೇಕು. ಅಲ್ಲಿಯವರೆಗೆ?

ಏಪ್ರಿಲ್, ಮೇ ಎರಡು ತಿಂಗಳು ಊರಲ್ಲಿ ಸಿಗುವ ನಾಲ್ಕು ಬಗೆಯ ರೊಟ್ಟಿ ತಿಂದು ನೋಡಿದೆವು. ಖಾನಾವಳಿಯ ಬಿಸಿ ರೊಟ್ಟಿ, ಮಷಿನ್ ರೊಟ್ಟಿ, ಪ್ಯಾಕೆಟ್ ಖಡಕ್ ರೊಟ್ಟಿ, ಮತ್ತೆ ನಮ್ಮ ಹಿಂದಿನ ಓಣಿಯಲ್ಲಿ ಆರ್ಡರ್ ತೆಗೆದುಕೊಂಡು ಮನೆಯಲ್ಲೇ ಬಡಿದು ಕೊಡುವ ಅಕ್ಕನ ರೊಟ್ಟಿ. ಮನೆಗೆ ತಂದಾಗಲೆಲ್ಲ ಜೊತೆಗೆ ಅವೇ ನಾಲ್ಕು: ಎಣಗಾಯಿ, ಮಡಕಿ ಕಾಳು, ಶೇಂಗಾ ಹಿಂಡಿ, ಮೊಸರು. ಪಲ್ಯ ದಿನಕ್ಕೊಂದು ಬದಲಾದರೆ ರೊಟ್ಟಿಯ ರುಚಿ ಗೊತ್ತಾಗುವುದಿಲ್ಲ.

ತೀರ್ಪು ಹೇಳುವವಳು ಅವ್ವ. ಅವಳ ಪರೀಕ್ಷೆ ಮೂರು. ಅಂಚು ಹಿಡಿದು ಎತ್ತಿದರೆ ನಡುವೆ ಮುರಿಯಬಾರದು. ಮೇಲಿನ ಪದರ ಹಾಳೆಯ ಹಾಗೆ ಬಿಟ್ಟುಕೊಳ್ಳಬೇಕು. ಬಲಗೈ ಒಂದರಲ್ಲೇ ತುಂಡು ಮುರಿದು, ಮಡಚಿ, ಪಲ್ಯ ಎತ್ತಲು ಬರಬೇಕು. ನನ್ನದೂ ಒಂದು ಸೇರಿಸಿದೆ. ಅಗಿದು ನುಂಗುವ ಹೊತ್ತಿಗೆ ನಾಲಿಗೆಯ ಮೇಲೆ ಸಣ್ಣದೊಂದು ಸಿಹಿ ಉಳಿಯಬೇಕು. ಒಳ್ಳೆಯ ಬಿಳಿ ಜೋಳದಲ್ಲಿ ಅದು ಇದ್ದೇ ಇರುತ್ತದೆ.

ಮೊದಲು ಖಾನಾವಳಿ. ನನ್ನ ಆಫೀಸಿನಿಂದ ಗಾಂಧಿ ಚೌಕದ ಕಡೆ ನಡೆದರೆ ಹತ್ತು ನಿಮಿಷದೊಳಗೆ ಎರಡು ಮೂರು ಸಿಗುತ್ತವೆ. ಖಾನಾವಳಿ ರೊಟ್ಟಿಯ ದೊಡ್ಡ ಬಲ ಅಂದರೆ ಅದು ಹಂಚಿನಿಂದ ನೇರ ತಟ್ಟೆಗೆ ಬರುತ್ತದೆ. ಉಬ್ಬಿದ್ದು ಇನ್ನೂ ಇಳಿದಿರುವುದಿಲ್ಲ. ಬೆರಳು ಇಟ್ಟರೆ ಒಳಗಿನ ಹಬೆ ಫುಸ್ ಅಂತ ಹೊರಗೆ ಬರುತ್ತದೆ. ಆ ಹೊತ್ತಿನಲ್ಲಿ ಒಂದು ಚಮಚ ಎಣಗಾಯಿ ಮಸಾಲೆ, ಮೇಲೆ ಹಸಿ ಉಳ್ಳಾಗಡ್ಡಿ ಸಾಕು. ಪಕ್ಕಕ್ಕೆ ಮೆಂತೆ ಸೊಪ್ಪು, ಮೂಲಂಗಿ, ಸೌತೆಕಾಯಿ. ಹತ್ತರಕಿ ಸೊಪ್ಪಿನ ಕಾಲದಲ್ಲಿ ಅದನ್ನೂ ಹಸಿಯಾಗಿಯೇ ಇಡುತ್ತಾರೆ. ಎರಡು ರೊಟ್ಟಿ ಸಾಕು ಅಂತ ಹೋದವನು ಮೂರು ತಿಂದು ಬರುತ್ತೇನೆ.

ಆದರೆ ಈ ಬಲ ಎಷ್ಟು ಹೊತ್ತು ಇರುತ್ತದೆ ಅಂತ ನೋಡಿದೆ. ಗಡಿಯಾರ ಇಟ್ಟುಕೊಂಡೇ ನೋಡಿದೆ. ಮೊದಲ ಐದು ನಿಮಿಷ ಅದಕ್ಕೆ ಸಾಟಿ ಇಲ್ಲ. ಹತ್ತು ನಿಮಿಷಕ್ಕೆ ಮೇಲಿನ ಪದರ ಒಳಗಿನದಕ್ಕೆ ಅಂಟಿಕೊಳ್ಳುತ್ತದೆ. ಇಪ್ಪತ್ತು ನಿಮಿಷಕ್ಕೆ ಎಳೆದು ಹರಿಯಬೇಕು. ಅವ್ವನಿಗೆ ಅಂತ ನಾಲ್ಕು ರೊಟ್ಟಿ ಪಾರ್ಸೆಲ್ ಕಟ್ಟಿಸಿಕೊಂಡು ಹೋದ ದಿನ ಪ್ಲಾಸ್ಟಿಕ್ ಚೀಲದಲ್ಲಿ ಹಬೆ ನೀರಾಗಿ, ನಾಲ್ಕೂ ಒಂದಕ್ಕೊಂದು ಅಂಟಿದ್ದವು. ಅವ್ವ ಬಿಡಿಸಲು ನೋಡಿ ಪಕ್ಕಕ್ಕಿಟ್ಟಳು. "ಇದನ್ನ ಅಲ್ಲೇ ಕುಂತು ಉಣ್ಣಬೇಕಪಾ" ಎಂದಳು. ಸರಿಯಾದ ಮಾತು. ಖಾನಾವಳಿ ರೊಟ್ಟಿ ಅಲ್ಲೇ ಕೂತು ತಿನ್ನುವ ವಸ್ತು. ಮಧ್ಯಾಹ್ನ ಒಂದರ ಆಸುಪಾಸು ಹೋಗಬೇಕು. ಎರಡೂವರೆಗೆ ಹೋದರೆ ಬುಟ್ಟಿಯಲ್ಲಿ ಪೇರಿಸಿದ್ದು ಬರುತ್ತದೆ.

ಇನ್ನೊಂದು ಬೇಸರ ಮೇ ಮೊದಲ ವಾರದಲ್ಲಿ ಶುರುವಾಯಿತು. ನಾನು ದಿನಾ ಹೋಗುತ್ತಿದ್ದ ಕಡೆಯೇ ರೊಟ್ಟಿಯ ಬಣ್ಣ ಮಂಕಾಯಿತು. ಅಂಚು ಒಡೆದಿತ್ತು, ಕೊನೆಗೆ ಸಿಹಿ ಬದಲು ಸ್ವಲ್ಪ ಕಹಿ. ಒಲೆ ಮುಂದೆ ಕೂತಿದ್ದ ಅಜ್ಜಿಯನ್ನು ಕೇಳಿದೆ. "ಜ್ವಾಳ ಬ್ಯಾರೆ ಬಂದದ ನೋಡಪಾ, ನಾ ಏನ್ ಮಾಡ್ಲಿ?" ಎಂದಳು. ಅದೇ ಅಜ್ಜಿ, ಅದೇ ಕೈ, ಅದೇ ಹಂಚು. ರೊಟ್ಟಿ ಮಾತ್ರ ಬೇರೆ. ನನ್ನ ಹೋಲಿಕೆಯ ದಿಕ್ಕು ಬದಲಾಗಿದ್ದು ಆ ದಿನ. ಯಾರು ಮಾಡಿದರು ಅನ್ನುವುದಕ್ಕಿಂತ ಯಾವ ಹಿಟ್ಟು ಅನ್ನುವುದನ್ನು ನೋಡಲು ಶುರು ಮಾಡಿದೆ.

ನಮ್ಮ ಜಿಲ್ಲೆಯ ಜೋಳ ಹಿಂಗಾರಿಯದ್ದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಎರೆ ಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೆ, ಚಳಿಗಾಲದ ಇಬ್ಬನಿಯಲ್ಲಿ ಬೆಳೆದು ಫೆಬ್ರವರಿ, ಮಾರ್ಚ್‌ಗೆ ರಾಶಿಗೆ ಬರುತ್ತದೆ. ಕಾಳು ಬಲಿಯುವಾಗ ಮಳೆ ಇರುವುದಿಲ್ಲ. ಅದಕ್ಕೇ ಮುತ್ತಿನ ಹಾಗೆ ಬಿಳಿಯಾಗಿ ಹೊಳೆಯುತ್ತದೆ. ಮುಂಗಾರಿನ ಹೈಬ್ರಿಡ್ ಜೋಳ ತೆನೆಯಲ್ಲಿದ್ದಾಗಲೇ ಮಳೆಗೆ ಸಿಕ್ಕರೆ ಕಾಳು ಕಪ್ಪಾಗುತ್ತದೆ. ಅದರ ರೊಟ್ಟಿ ಮಂಕು. ಹಿಂಗಾರಿಯಲ್ಲಿ ಎಲ್ಲರ ಬಾಯಲ್ಲಿ ಇರುವ ಹೆಸರು ಮಾಲದಂಡಿ, ಅದರಿಂದ ಆಯ್ದ ತಳಿ ಎಂ 35-1. ನಮ್ಮ ಹಿಟ್ನಳ್ಳಿ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಬಿಜೆವಿ 44 ಕೂಡ ಈಗ ರೈತರ ಹೊಲದಲ್ಲಿದೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅಂತ ಹಿರಿಯರು ಹೇಳುತ್ತಾರಲ್ಲ, ಆ ಡೋಣಿ ಹೊಳೆ ಸಾಲಿನ ಜೋಳ ನಮ್ಮ ಮಾವನ ಮನೆಯಿಂದ ಒಂದು ಚೀಲ ಬಂದಿತ್ತು. ಅದನ್ನೇ ಮುಂದಿನ ಪರೀಕ್ಷೆಗೆ ಇಟ್ಟುಕೊಂಡೆ.

ಈಗ ಮಷಿನ್ ರೊಟ್ಟಿ. ಇದರ ಬಗ್ಗೆ ಮನೆಯಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಮೊದಲ ಸಲ ತಂದಾಗ ಅವ್ವ ಒಂದು ತುಂಡು ತಿಂದು, "ಕಾಗದ ಅಗದಂಗ ಆಗತದ" ಎಂದಳು. ನನಗೂ ಹಾಗೇ ಅನ್ನಿಸಿತು. ಎಲ್ಲ ಒಂದೇ ಅಳತೆ, ಒಂದೇ ದಪ್ಪ, ನೋಡಲು ಚೆಂದ. ಬಾಯಿಗೆ ಇಟ್ಟರೆ ಒಣಹಿಟ್ಟಿನ ರುಚಿ. ಅಲ್ಲಿಗೆ ಬಿಡಬಹುದಿತ್ತು. ಆದರೆ ಖಾನಾವಳಿ ಅಜ್ಜಿಯ ಮಾತು ತಲೆಯಲ್ಲಿತ್ತು. ಒಂದು ಭಾನುವಾರ ಬೆಳಿಗ್ಗೆ ಮಾವನ ಮನೆಯ ಜೋಳ ಗಿರಣಿಗೆ ಹಾಕಿಸಿದೆ. ಇನ್ನೂ ಬೆಚ್ಚಗಿದ್ದ ಹಿಟ್ಟಿನಲ್ಲಿ ಅರ್ಧ ಮಷಿನ್ ಅಂಗಡಿಗೆ, ಅರ್ಧ ಹಿಂದಿನ ಓಣಿಯ ಅಕ್ಕನಿಗೆ ಕೊಟ್ಟೆ. ಅಂಗಡಿಯವರು ನಮ್ಮ ಹಿಟ್ಟಿನಲ್ಲೇ ಮಾಡಿಕೊಡಲು ಒಪ್ಪಿದರು, ಅದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಲೇಬೇಕು.

ಆ ದಿನದ ಮಷಿನ್ ರೊಟ್ಟಿ ಬೇರೆಯೇ ಆಗಿತ್ತು. ಬಿಳಿ, ಮೆತ್ತಗೆ, ಕೊನೆಗೆ ಆ ಸಿಹಿ. ಅವ್ವ ಎರಡು ತಿಂದಳು. "ಇದು ನಡೀತದ" ಎಂದಳು. ಅವಳ ಬಾಯಿಂದ ಅಷ್ಟು ಬಂದರೆ ಜಾಸ್ತಿಯೇ. ಅಂದರೆ ನಾವು ಮಷಿನ್ ಮೇಲೆ ಹೊರಿಸಿದ್ದ ತಪ್ಪಿನಲ್ಲಿ ಬಹುಪಾಲು ಹಳೆಯ ಹಿಟ್ಟಿನದು.

ಇದಕ್ಕೆ ಕಾರಣ ಇದೆ. ಗೋಧಿಯಲ್ಲಿ ಗ್ಲುಟನ್ ಇರುತ್ತದೆ, ಅದು ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದು ಇಲ್ಲ. ಕುದಿಯುವ ಎಸರು ಹಾಕಿದಾಗ ಪಿಷ್ಟ ಸ್ವಲ್ಪ ಬೆಂದು ಜಿಗುಟಾಗುತ್ತದೆ, ರೊಟ್ಟಿಯನ್ನು ಹಿಡಿದಿಡುವುದು ಆ ಜಿಗುಟು. ಹಿಟ್ಟು ಹಳೆಯದಾದಷ್ಟೂ ಜಿಗಿ ಕಡಿಮೆ, ಬಡಿಯುವಾಗ ಅಂಚು ಬಿರಿಯುತ್ತದೆ. ಜೋಳದಲ್ಲಿರುವ ಎಣ್ಣೆಯ ಅಂಶ ಕೆಟ್ಟು ಕಹಿಯೂ ಬರುತ್ತದೆ. ಒಂದು ದಿನದ ಹಿಟ್ಟು, ಎಂಟು ದಿನದ್ದು, ಇಪ್ಪತ್ತು ದಿನದ್ದು ಮೂರನ್ನೂ ಅಕ್ಕನ ಕೈಗೆ ಕೊಟ್ಟು ನೋಡಿದೆ. ಎಂಟು ದಿನದ್ದು ಪರವಾಗಿಲ್ಲ. ಇಪ್ಪತ್ತು ದಿನದ್ದನ್ನು ಅಷ್ಟು ಪಳಗಿದ ಕೈ ಕೂಡ ಅಂಗೈಗಿಂತ ಸ್ವಲ್ಪ ದೊಡ್ಡದು ಮಾಡಲು ಆಯಿತು, ಅಷ್ಟೇ. ಏಪ್ರಿಲ್, ಮೇ ಬಿಸಿಲಲ್ಲಿ ಹಿಟ್ಟು ಇನ್ನೂ ಬೇಗ ಹಾಳಾಗುತ್ತದೆ ಅಂತ ಅವರೇ ಹೇಳಿದರು.

ಹಾಗಂತ ಮಷಿನ್, ಕೈ ಎರಡೂ ಒಂದೇ ಅಲ್ಲ. ಅಕ್ಕನ ರೊಟ್ಟಿ ಪೂರ್ತಿ ಉಬ್ಬುತ್ತದೆ, ಎರಡು ಪದರ ಬೇರೆ ಆಗುತ್ತವೆ. ಅವರು ಒಂದೊಂದು ಉಂಡೆಯನ್ನೂ ಬಡಿಯುವ ಮುಂಚೆ ಮತ್ತೆ ಅಂಗೈಯಲ್ಲಿ ತಿಕ್ಕಿ ನಾದುತ್ತಾರೆ. ಹಂಚಿಗೆ ಹಾಕಿದ ತಕ್ಷಣ ಒದ್ದೆ ಅರಿವೆಯಿಂದ ಮೇಲೆ ಒರೆಸುತ್ತಾರೆ. ಒಣಹಿಟ್ಟು ಅಲ್ಲೇ ಹೋಗಿಬಿಡುತ್ತದೆ. ನಾನು ತಂದ ಮಷಿನ್ ರೊಟ್ಟಿ ಅಲ್ಲಲ್ಲಿ ಮಾತ್ರ ಉಬ್ಬಿತ್ತು, ಹಾಗಾಗಿ ಪದರ ಬಿಡಲಿಲ್ಲ. ಪದರ ಬಿಡದಿದ್ದರೆ ಏನಾಯಿತು ಅನ್ನಬಹುದು. ಎಣಗಾಯಿಯ ಎಣ್ಣೆ ಮಸಾಲೆ ನಿಲ್ಲುವುದು ಆ ಎರಡು ಪದರದ ನಡುವೆ. ಅದೇ ಇಲ್ಲದಿದ್ದರೆ ಮಸಾಲೆ ಜಾರಿ ತಟ್ಟೆಗೆ ಬೀಳುತ್ತದೆ. ಅವ್ವ ಎಣಗಾಯಿ ಮಾಡಿಸಿದ ದಿನ ಮಷಿನ್ ರೊಟ್ಟಿ ಬೇಡ ಅನ್ನುವುದು ಇದಕ್ಕೇ. ಮಡಕಿ ಕಾಳಿಗೆ, ಝುಣಕಕ್ಕೆ ನಡೆಯುತ್ತದೆ.

ಅಕ್ಕನ ರೊಟ್ಟಿಯೇ ಎಲ್ಲಕ್ಕಿಂತ ಮೇಲು. ಇದರಲ್ಲಿ ಮನೆಯಲ್ಲಿ ಎರಡು ಮಾತಿಲ್ಲ. ಹನ್ನೆರಡೂವರೆಗೆ ಬುಟ್ಟಿಯಲ್ಲಿ ಬಿಳಿ ಅರಿವೆ ಹಾಸಿ, ಮೇಲೆ ಮುಚ್ಚಿ ಕಳಿಸುತ್ತಾರೆ. ಸ್ಟೀಲ್ ಡಬ್ಬಿ ಕೊಡುತ್ತೇನೆ ಅಂದಿದ್ದಕ್ಕೆ ಬೇಡ ಎಂದರು. ಡಬ್ಬಿಯಲ್ಲಿ ನೀರು ಬಿಡುತ್ತದೆ, ಅರಿವೆ ಹಬೆ ಹೀರಿಕೊಳ್ಳುತ್ತದೆ. ಖಾನಾವಳಿ ಪಾರ್ಸೆಲ್ ಯಾಕೆ ಕೆಟ್ಟಿತು ಅಂತ ಆಗ ತಿಳಿಯಿತು. ಅರಿವೆಯಲ್ಲಿ ಸುತ್ತಿದ ಅಕ್ಕನ ರೊಟ್ಟಿ ಮುಕ್ಕಾಲು ಗಂಟೆಯಾದರೂ ಮಡಚಿದರೆ ಮುರಿಯುವುದಿಲ್ಲ.

ಕೊರತೆ ಇಲ್ಲವೆಂದಲ್ಲ. ಮೇನಲ್ಲಿ ಮದುವೆ ಸಾಲು. ಒಂದೊಂದು ಮದುವೆಗೆ ನೂರಾರು ರೊಟ್ಟಿ ಆರ್ಡರ್ ಬಂದು ನಮಗೆ ಆರು ದಿನ ರೊಟ್ಟಿ ಸಿಗಲಿಲ್ಲ. ಅಮಾವಾಸ್ಯೆಗೆ, ಅವರ ಊರ ಜಾತ್ರೆಗೆ ರಜೆ. ಅದು ಅವರ ಹಕ್ಕು. ಬಿಸಿಲು ನಲವತ್ತು ದಾಟಿದ ದಿನ ಒಲೆ ಮುಂದೆ ಮೂರು ತಾಸು ಕೂರುವುದು ಸಣ್ಣ ಕೆಲಸವಲ್ಲ. ನನ್ನ ಅವ್ವನ ಭುಜ ಹೋಗಿದ್ದು ಹೇಗೆ ಅಂತ ಗೊತ್ತಿದ್ದವನು ಅವರ ಜೊತೆ ದರಕ್ಕೆ ಚೌಕಾಸಿ ಮಾಡಲಾರೆ. ಕೇಳಿದ್ದಷ್ಟು ಕೊಡುತ್ತೇನೆ.

ಖಡಕ್ ರೊಟ್ಟಿಯನ್ನು ಕೊನೆಗೆ ಇಟ್ಟೆ, ಯಾಕೆಂದರೆ ಇದನ್ನು ಬಿಸಿ ರೊಟ್ಟಿಯ ಜೊತೆ ತೂಗುವುದೇ ಸರಿಯಲ್ಲ. ಇದು ಬೇರೆ ಊಟ. ಸ್ತ್ರೀಶಕ್ತಿ ಸಂಘದವರು ಮಾಡುವ ಪ್ಯಾಕೆಟ್ ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಕೆಟ್ ಕಡೆ ಸಿಕ್ಕವು, ಮೂರು ಕಡೆಯಿಂದ ತಂದೆ. ಹಪ್ಪಳದಷ್ಟು ತೆಳ್ಳಗೆ ಇದ್ದದ್ದು ನನಗೆ ಹಿಡಿಸಲಿಲ್ಲ, ಮುರಿದರೆ ಪುಡಿ. ಸ್ವಲ್ಪ ದಪ್ಪ, ಮೇಲೆ ಕಂದು ಚುಕ್ಕೆ ಇರುವುದು ಒಳ್ಳೆಯದು. ಕೊಳ್ಳುವಾಗ ಒಂದು ಚೂರು ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ ಅದೂ ಹಳೆಯ ಹಿಟ್ಟಿನದೇ.

ಇದಕ್ಕೆ ಎಣಗಾಯಿ ಬೇಡ. ಗಟ್ಟಿ ಮೊಸರು, ಗುರೆಳ್ಳು ಹಿಂಡಿ, ಹಿಂಡಿಯ ನಡುವೆ ಗುಳಿ ಮಾಡಿ ಗಾಣದ ಕುಸುಬಿ ಎಣ್ಣೆ. ರಾತ್ರಿ ಎಂಟಕ್ಕೆ, ಮಾಳಿಗೆಯ ಮೇಲೆ ಗಾಳಿ ಬೀಸುವಾಗ ಇಷ್ಟು ಇದ್ದರೆ ನನಗೆ ಬೇರೆ ಅಡುಗೆ ನೆನಪಾಗುವುದಿಲ್ಲ. ಅಗಸಿ ಹಿಂಡಿಯೂ ಆಗುತ್ತದೆ, ಆದರೆ ಮೊಸರಿನ ಜೊತೆ ಗುರೆಳ್ಳಿಗೇ ನನ್ನ ಮತ. ಅವ್ವನಿಗೆ ಹಲ್ಲಿನ ತೊಂದರೆ. ಅವಳು ರೊಟ್ಟಿ ಮುರಿದು ಬಿಸಿ ಹಾಲಿಗೆ ಹಾಕಿ ಹತ್ತು ನಿಮಿಷ ಬಿಟ್ಟು ಉಣ್ಣುತ್ತಾಳೆ. ಜೋಳದ ಸಿಹಿ ಪೂರ್ತಿ ಹಾಲಿಗೆ ಇಳಿದಿರುತ್ತದೆ. ನಾಲ್ಕರಲ್ಲಿ ದಿನಗಟ್ಟಲೆ ಇಟ್ಟು ತಿನ್ನಬಹುದಾದದ್ದು ಇದೊಂದೇ. ಮಳೆಗಾಲದಲ್ಲಿ ಮಾತ್ರ ಡಬ್ಬಿ ಬಿಗಿಯಾಗಿ ಮುಚ್ಚಬೇಕು, ಇಲ್ಲದಿದ್ದರೆ ಮೆತ್ತಗಾಗುತ್ತದೆ.

ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಈ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದು ಸಂಕ್ರಾಂತಿಯ ಹೊತ್ತಿನದು, ಸಿದ್ಧೇಶ್ವರ ಜಾತ್ರೆಯ ಚಳಿಯಲ್ಲಿ ತಿನ್ನುವುದು. ಬೇಸಿಗೆಯಲ್ಲಿ ತಿಂದು ಹೋಲಿಸಿದರೆ ಅದಕ್ಕೆ ಅನ್ಯಾಯ.

ಕುಡಿಯುವುದರ ಬಗ್ಗೆ ಒಂದು ಮಾತು. ರೊಟ್ಟಿ ಊಟದ ಜೊತೆ ತಂಪು ಸೋಡಾ ತರಿಸುವವರನ್ನು ಖಾನಾವಳಿಯಲ್ಲಿ ದಿನಾ ನೋಡುತ್ತೇನೆ. ನಾನೂ ಎರಡು ಸಲ ಕುಡಿದು ನೋಡಿದೆ. ಹೊಟ್ಟೆ ಬೇಗ ತುಂಬಿ ಮೂರನೇ ರೊಟ್ಟಿ ಹೋಗಲಿಲ್ಲ, ಖಾರವೂ ಇಳಿಯಲಿಲ್ಲ. ಜೀರಿಗೆ, ಉಪ್ಪು ಹಾಕಿದ ನೀರು ಮಜ್ಜಿಗೆಯೇ ಸರಿ. ಚಹಾ ಬೇಕಾದರೆ ಅರ್ಧ ತಾಸು ಬಿಟ್ಟು ಕುಡಿಯಿರಿ.

ಈಗ ನಮ್ಮ ಮನೆಯ ವ್ಯವಸ್ಥೆ ಹೀಗಿದೆ. ಭಾನುವಾರ ಮತ್ತು ಗುರುವಾರ ಬೆಳಿಗ್ಗೆ ನಾನು ಗಿರಣಿಗೆ ಹೋಗಿ ಎರಡೆರಡು ಕಿಲೋ ಬೀಸಿಸಿಕೊಂಡು ಬರುತ್ತೇನೆ. ಹಿಟ್ಟು ನಮ್ಮದು, ಕೈ ಅಕ್ಕನದು. ಅವರಿಗೆ ಆಗದ ದಿನ ಅದೇ ಹಿಟ್ಟು ಮಷಿನ್ ಅಂಗಡಿಗೆ ಹೋಗುತ್ತದೆ. ರಾತ್ರಿ ಖಡಕ್. ತಿಂಗಳಿಗೆ ಒಂದು ಸಲ ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಒಂದು ಗಂಟೆಗೆ ಸರಿಯಾಗಿ ಖಾನಾವಳಿಗೆ ಹೋಗುತ್ತೇವೆ. ಒಲೆಗೆ ಹತ್ತಿರದ ಬೆಂಚೇ ಬೇಕು ಅವಳಿಗೆ. ಹೋದ ಸಲ ಆ ಅಜ್ಜಿ ಬಡಿಯುವುದನ್ನು ನೋಡುತ್ತಾ ಕೂತಿದ್ದಳು. "ಎಸರು ಇನ್ನಟು ಕುದೀಬೇಕಿತ್ತು" ಅಂತ ನನ್ನ ಕಿವಿಯಲ್ಲಿ ಹೇಳಿ, ಎರಡನೇ ರೊಟ್ಟಿಗೆ ತಟ್ಟೆ ಮುಂದೆ ಮಾಡಿದಳು.