ಪೆನ್‌ಡ್ರೈವ್, ಲೈವ್ ಕ್ಲಾಸ್, ಮಾಡ್ಯೂಲ್: ಸಿಎ ಇಂಟರ್‌ಗೆ ಮನೆಯಲ್ಲೇ ಓದಿ ನೋಡಿದ್ದು

ಜನವರಿ 2025ರಲ್ಲಿ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಕೋರ್ಸ್‌ನ ಎರಡನೇ ಹಂತವಾದ ಇಂಟರ್‌ನ ಗ್ರೂಪ್ 1, ಅಂದರೆ ಮೊದಲ ಮೂರು ಪೇಪರ್ ಬರೆದೆ. ಅಕೌಂಟ್ಸ್‌ನಲ್ಲಿ 48, ಲಾದಲ್ಲಿ 41, ಟ್ಯಾಕ್ಸ್‌ನಲ್ಲಿ 52 ಬಂತು. ಮೂರರಲ್ಲೂ 40 ದಾಟಿತ್ತು. ಆದರೆ ಗ್ರೂಪ್ ಪಾಸಾಗಲು ಒಟ್ಟು 300ಕ್ಕೆ 150 ಬೇಕು. ನನ್ನದು 141. ಒಂದು ಪೇಪರ್‌ನಲ್ಲಾದರೂ 60 ಬಂದಿದ್ದರೆ ಅದಕ್ಕೆ ಎಕ್ಸೆಂಪ್ಶನ್ (ಮತ್ತೆ ಬರೆಯುವುದರಿಂದ ವಿನಾಯಿತಿ) ಸಿಗುತ್ತಿತ್ತು, ಅದೂ ಇಲ್ಲ. ಮೂರನ್ನೂ ಮತ್ತೆ ಬರೆಯಬೇಕಾಯಿತು. ಸೆಪ್ಟೆಂಬರ್ 2025ರಲ್ಲಿ ಅದೇ ಮೂರು ಪೇಪರ್‌ಗಳಿಗೆ 67, 54, 61 ಬಂತು.

ಎರಡೂ ಸಲ ದಿನಕ್ಕೆ ಆರೇಳು ಗಂಟೆಯೇ ಓದಿದ್ದು. ಯಾವುದರಿಂದ ಓದಿದೆ ಅನ್ನುವುದು ಮಾತ್ರ ಬೇರೆ. ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ. ಮೈಸೂರಿಗೆ ಹೋಗಿ ಕೋಚಿಂಗ್ ಸೇರುವುದೆಂದರೆ ಪಿಜಿ ಬಾಡಿಗೆ, ಊಟ, ಫೀಸು ಎಲ್ಲ ಸೇರಿ ಮನೆಯಲ್ಲಿ ಕೇಳುವ ಹಾಗಿರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ. ಉಳಿದಿದ್ದು ಮೂರು ದಾರಿ. ಖಾಸಗಿ ಮೇಷ್ಟ್ರೊಬ್ಬರ ಪಾಠದ ವಿಡಿಯೋ ಇರುವ ಪೆನ್‌ಡ್ರೈವ್ ಕ್ಲಾಸ್, ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐಯ ಉಚಿತ ಆನ್‌ಲೈನ್ ಲೈವ್ ಕ್ಲಾಸ್, ಐಸಿಎಐಯದ್ದೇ ಪಠ್ಯಪುಸ್ತಕವಾದ ಮಾಡ್ಯೂಲ್. ಮೂರನ್ನೂ ನಿಜವಾಗಿ ಬಳಸಿ ನೋಡಿದ್ದೇನೆ.

ಮೊದಲ ಸಲ ಪೂರ್ತಿ ನಂಬಿದ್ದು ಪೆನ್‌ಡ್ರೈವ್ ಅನ್ನು. ಅದಕ್ಕೆ ಕಾರಣವೂ ಇತ್ತು. ಜೂನ್‌ನಿಂದ ಆಗಸ್ಟ್ ತನಕ ನಮ್ಮ ಕಡೆ ಮಳೆ ಹೇಗೆ ಅಂತ ಗೊತ್ತಲ್ವಾ. ಮರ ಬಿದ್ದು ಕರೆಂಟ್ ಹೋದರೆ ಎರಡು ದಿನ, ಮೂರು ದಿನ ಬರುವುದಿಲ್ಲ. ಟವರ್‌ಗೆ ಡೀಸೆಲ್ ಮುಗಿದರೆ ಫೋನೂ ಸತ್ತ ಹಾಗೆ. ಪೆನ್‌ಡ್ರೈವ್ ಆದರೆ ನೆಟ್ ಬೇಡ, ಲ್ಯಾಪ್‌ಟಾಪ್ ಚಾರ್ಜ್ ಇದ್ದರೆ ಸಾಕು ಅಂದುಕೊಂಡೆ. ಮೇಷ್ಟ್ರು ಪಾಠ ಚೆನ್ನಾಗಿಯೇ ಮಾಡುತ್ತಿದ್ದರು. ಕನ್ಸಾಲಿಡೇಶನ್ (ಒಂದು ಗುಂಪಿನ ಕಂಪನಿಗಳ ಲೆಕ್ಕ ಒಟ್ಟು ಸೇರಿಸುವುದು) ಅನ್ನು ಅಷ್ಟು ಸುಲಭವಾಗಿ ಬಿಡಿಸಿ ಹೇಳುವವರನ್ನು ನಾನು ನೋಡಿಲ್ಲ.

ತೊಂದರೆ ಬೇರೆ ಕಡೆ ಇತ್ತು. ಆ ಕ್ಲಾಸ್ ಒಂದೇ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ. ನೋಡಲು ಇಷ್ಟೇ ಗಂಟೆ ಅಂತ ಮಿತಿ ಇದೆ. ಆಗಸ್ಟ್‌ನಲ್ಲಿ ಲ್ಯಾಪ್‌ಟಾಪ್ ಕೆಟ್ಟಿತು. ಇನ್ನೊಂದಕ್ಕೆ ಬದಲಿಸಿಕೊಡಿ ಅಂತ ಕೇಳಿ 19 ದಿನ ಕಾದೆ. ಭಾಷೆಯದ್ದೂ ಒಂದು ಕಷ್ಟ. ಅರ್ಧ ಇಂಗ್ಲಿಷ್, ಅರ್ಧ ಹಿಂದಿ. ಹಿಂದಿ ಅರ್ಥವಾಗುತ್ತದೆ. ಆದರೆ ಹಿಂದಿಯಲ್ಲಿ ಕೇಳಿ, ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷ್‌ನಲ್ಲಿ ಬರೆಯುವಾಗ ಲಾ ಪೇಪರ್‌ನಲ್ಲಿ ವಾಕ್ಯವೇ ಹೊರಡುತ್ತಿರಲಿಲ್ಲ. ನೀವು ಕ್ಲಾಸ್ ಕೊಳ್ಳುವುದಾದರೆ ಪೂರ್ತಿ ಇಂಗ್ಲಿಷ್ ಬ್ಯಾಚ್ ಇದೆಯಾ ಅಂತ ಮೊದಲೇ ಕೇಳಿ.

ಎಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದು. ವಿಡಿಯೋ ನೋಡುವಾಗ ಎಲ್ಲ ಬರುತ್ತದೆ ಅನಿಸುತ್ತದೆ. ಮೇಷ್ಟ್ರು ಲೆಕ್ಕ ಮಾಡುತ್ತಾರೆ, ನಾನು ನೋಟ್ಸ್‌ಗೆ ಇಳಿಸಿಕೊಳ್ಳುತ್ತೇನೆ. ಡಿಸೆಂಬರ್‌ಗೆ ನೋಟ್ಸ್ ಆರು ಪುಸ್ತಕ ತುಂಬಿತ್ತು. ಸ್ವಂತವಾಗಿ, ಗಡಿಯಾರ ಇಟ್ಟುಕೊಂಡು ಮಾಡಿದ ಲೆಕ್ಕ ನಲವತ್ತೂ ಇರಲಿಲ್ಲ. ಮೇಲಾಗಿ ಆ ಹೊತ್ತಿಗೆ ಕಾಫಿ ಕುಯ್ಲು ಶುರು. ಕಣದಲ್ಲಿ ಹರಡುವುದು, ಆಳುಗಳ ಲೆಕ್ಕ, ಸಂಜೆ ರಾಶಿ ಹಾಕಿ ಮುಚ್ಚುವುದು, ಇದರ ನಡುವೆ ಮೂರು ಗಂಟೆಯ ವಿಡಿಯೋ ಒಂದೇ ಸಲಕ್ಕೆ ನೋಡಲು ಆಗುವುದಿಲ್ಲ. ತೋಟ ಇರುವ ಮನೆಯವರು ಜನವರಿ ಅಟೆಂಪ್ಟ್ ಬಗ್ಗೆ ಎರಡು ಸಲ ಯೋಚಿಸಿ. ಈಗ ಇಂಟರ್ ಪರೀಕ್ಷೆ ಜನವರಿ, ಮೇ, ಸೆಪ್ಟೆಂಬರ್ ಅಂತ ವರ್ಷಕ್ಕೆ ಮೂರು ಸಲ ಇದೆ.

ಲೈವ್ ಕ್ಲಾಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದುಡ್ಡಿಲ್ಲ, ರೆಕಾರ್ಡಿಂಗ್ ಯೂಟ್ಯೂಬ್‌ನಲ್ಲಿ ಸಿಗುತ್ತದೆ, ಸಿಲಬಸ್ ಬಿಟ್ಟು ಆಚೆ ಹೋಗುವುದಿಲ್ಲ. ಲೈವ್ ಆಗಿ ಕೂರಲು ನಮ್ಮ ನೆಟ್‌ವರ್ಕ್ ಬಿಡಲಿಲ್ಲ. ಹಾಗಾಗಿ ಮಡಿಕೇರಿಗೆ ಹೋದಾಗ ನೆಂಟರ ಮನೆಯಲ್ಲಿ ವೈಫೈ ಹಾಕಿಕೊಂಡು ಬೇಕಾದ ಪಾಠ ಇಳಿಸಿಕೊಂಡು ಬರುತ್ತಿದ್ದೆ. ಜಿಎಸ್‌ಟಿಗೆ ಇದು ತುಂಬ ಸಹಾಯ ಮಾಡಿತು. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದು) ಅನ್ನು ಒಬ್ಬರು ಬಾಯಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಅಕೌಂಟ್ಸ್‌ಗೆ ಮಾತ್ರ ವೇಗ ಸಾಲಲಿಲ್ಲ.

ಇನ್ನು ಮಾಡ್ಯೂಲ್. ಸೀನಿಯರ್‌ಗಳು "ಅದು ದಪ್ಪ, ಓದಿ ಮುಗಿಯಲ್ಲ" ಅನ್ನುತ್ತಿದ್ದರು. ಪಿಡಿಎಫ್ ಐಸಿಎಐ ಪೋರ್ಟಲ್‌ನಲ್ಲಿ ಉಚಿತ. ನಾನು ಅಚ್ಚಾದ ಪುಸ್ತಕವನ್ನೇ ತರಿಸಿದೆ. ಕರೆಂಟ್ ಇಲ್ಲದ ದಿನ ಎಮರ್ಜೆನ್ಸಿ ಲೈಟ್ ಹಾಕಿ ಓದಬಹುದು, ಅದೇ ದೊಡ್ಡ ಲಾಭ. ಆದರೆ ಅದು ನನ್ನ ಮನಸ್ಸಿಗೆ ಹತ್ತಿರವಾಗಿದ್ದು ಅಕೌಂಟಿಂಗ್ ಸ್ಟ್ಯಾಂಡರ್ಡ್ 10 (ಎಎಸ್ 10, ಕಟ್ಟಡ, ಯಂತ್ರಗಳಂಥ ಆಸ್ತಿಯ ಲೆಕ್ಕ ಇಡುವ ನಿಯಮ) ಓದಿದ ದಿನ.

ಆ ಸ್ಟ್ಯಾಂಡರ್ಡ್‌ನಲ್ಲಿ ಬೇರರ್ ಪ್ಲಾಂಟ್ ಅಂತ ಬರುತ್ತದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಫಸಲು ಕೊಡುವ, ಗಿಡವನ್ನೇ ಮಾರುವ ಸಾಧ್ಯತೆ ತೀರಾ ಕಡಿಮೆ ಇರುವ ಗಿಡ. ಪೆನ್‌ಡ್ರೈವ್‌ನಲ್ಲಿ ಇದು ಎರಡು ನಿಮಿಷದಲ್ಲಿ ಮುಗಿದಿತ್ತು. ಮಾಡ್ಯೂಲ್ ಓದುತ್ತಾ ಕಿಟಕಿಯ ಹೊರಗೆ ನೋಡಿದೆ. ಕಾಫಿ ಗಿಡ ಬೇರರ್ ಪ್ಲಾಂಟ್, ಆದ್ದರಿಂದ ಕಟ್ಟಡ, ಯಂತ್ರಗಳ ಹಾಗೆ ಅದಕ್ಕೂ ಎಎಸ್ 10 ಅನ್ವಯಿಸುತ್ತದೆ. ಗಿಡದ ಮೇಲಿರುವ ಹಣ್ಣಿಗೆ ಅನ್ವಯಿಸುವುದಿಲ್ಲ. ಮೆಣಸಿನ ಬಳ್ಳಿ ಬೇರರ್ ಪ್ಲಾಂಟ್. ಅದು ಹಬ್ಬಿರುವ ಸಿಲ್ವರ್ ಓಕ್? ಅದನ್ನು ನೆರಳಿಗೆ ಬೆಳೆಸಿದರೂ ಮುಂದೆ ಕಡಿದು ಮರವಾಗಿ ಮಾರುವುದು ನಮ್ಮಲ್ಲಿ ಮಾಮೂಲು, ಹಾಗಾಗಿ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಎಕರೆಯಲ್ಲಿ ಹೌದು, ಅಲ್ಲ ಎರಡೂ ಉತ್ತರ! ಆ ಮೇಲೆ ಆ ಪ್ರಶ್ನೆ ನಾನು ಮರೆತಿಲ್ಲ.

ಟ್ಯಾಕ್ಸ್‌ನಲ್ಲೂ ಹಾಗೆಯೇ. 1962ರ ಆದಾಯ ತೆರಿಗೆ ರೂಲ್ಸ್‌ನ ರೂಲ್ 7ಬಿ ನಮ್ಮ ಜಿಲ್ಲೆಯ ರೂಲ್ ಅಂದರೆ ತಪ್ಪಿಲ್ಲ. ಕಾಫಿ ಬೆಳೆದವರೇ ಕ್ಯೂರಿಂಗ್ ಮಾಡಿ (ಸಿಪ್ಪೆ ತೆಗೆದು ಬೀಜ ಹದ ಮಾಡಿ) ಮಾರಿದರೆ ಬಂದ ಆದಾಯದ ಶೇ 25 ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಉಳಿದಿದ್ದು ಕೃಷಿ ಆದಾಯ. ಇದನ್ನು ಅಪ್ಪನಿಗೆ ವಿವರಿಸಿದೆ. ಅಪ್ಪ ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮತ್ತೆ ಮಾಡ್ಯೂಲ್‌ಗೇ ಹೋದೆ.

ಮಾಡ್ಯೂಲ್‌ನ ಕೊರತೆಯೂ ಇದೆ. ಕಂಪನಿ ಲಾ ಭಾಗ ಮೊದಲ ಓದಿಗೆ ಕಲ್ಲಿನ ಹಾಗೆ ಗಟ್ಟಿ. ಪುಟದ ಅಂಚಿನಲ್ಲಿ ಕನ್ನಡದಲ್ಲಿ ಒಂದೊಂದು ಸಾಲು ಅರ್ಥ ಬರೆದುಕೊಂಡೆ. ಕಂಪನಿಯ ವಾರ್ಷಿಕ ಸಭೆ (ಎಜಿಎಂ) ಬಗ್ಗೆ ಹೇಳುವ ಸೆಕ್ಷನ್ 96ರ ಪಕ್ಕದಲ್ಲಿ "ಹಣಕಾಸು ವರ್ಷ ಮುಗಿದ ಮೇಲೆ ಮೊದಲ ಎಜಿಎಂ 9 ತಿಂಗಳೊಳಗೆ, ಆಮೇಲಿನದ್ದು 6 ತಿಂಗಳೊಳಗೆ" ಅಂತ ಈಗಲೂ ಇದೆ. ಅರ್ಥ ಕನ್ನಡದಲ್ಲಿ, ಉತ್ತರ ಮಾತ್ರ ನೇರ ಇಂಗ್ಲಿಷ್‌ನಲ್ಲಿ. ಮೊದಲು ಕಾನೂನು, ಆಮೇಲೆ ಪ್ರಶ್ನೆಯಲ್ಲಿರುವ ಸಂಗತಿ, ಕೊನೆಗೆ ತೀರ್ಮಾನ. ದಿನಕ್ಕೆ ಮೂರು ಉತ್ತರ ಬರೆದೆ. 41ರಿಂದ 54ಕ್ಕೆ ಏರಿದ್ದು ಇದರಿಂದಲೇ.

ಮಾಡ್ಯೂಲ್ ಜೊತೆಗೆ ಐಸಿಎಐಯ ಆರ್‌ಟಿಪಿ (ರಿವಿಷನ್ ಟೆಸ್ಟ್ ಪೇಪರ್) ಮತ್ತು ಮಾಕ್ ಟೆಸ್ಟ್ ಪೇಪರ್‌ಗಳನ್ನು ಬಿಡಬೇಡಿ. ಅವೂ ಉಚಿತ. 100 ಅಂಕದಲ್ಲಿ 30 ಅಂಕ ಎಂಸಿಕ್ಯು (ಸರಿ ಉತ್ತರ ಆರಿಸುವ ಪ್ರಶ್ನೆ), ತಪ್ಪಾದರೆ ಅಂಕ ಕಳೆಯುವುದಿಲ್ಲ. ಆ 30ರ ಅಭ್ಯಾಸ ನನಗೆ ಇವುಗಳಿಂದಲೇ ಆಗಿದ್ದು. ನಾನು ಬೆಳಿಗ್ಗೆ ಅಡುಗೆಮನೆ ಮೇಜಿನ ಮೇಲೆ ಮೂರು ಗಂಟೆ ಅಲಾರಂ ಇಟ್ಟು ಪೂರ್ತಿ ಪೇಪರ್ ಬರೆಯುತ್ತಿದ್ದೆ. ಅವ್ವ ಆ ಹೊತ್ತಿನಲ್ಲಿ ಮಿಕ್ಸಿ ಹಾಕುತ್ತಿರಲಿಲ್ಲ.

ಯಾರಾದರೂ ಕೇಳಿದರೆ ನನ್ನ ಆಯ್ಕೆ ಮಾಡ್ಯೂಲ್. ಅದು ನಮ್ಮನ್ನು ಕೂರಿಸಿ ಬರೆಸುತ್ತದೆ, ಕರೆಂಟ್ ಕೇಳುವುದಿಲ್ಲ. ಬಿಕಾಂ ಓದದೆ ಬಂದವರಿಗೆ, ಅಕೌಂಟ್ಸ್ ತಳಪಾಯ ಸಡಿಲ ಇರುವವರಿಗೆ ಮಾತ್ರ ಆ ಒಂದು ಪೇಪರ್‌ಗೆ ಕ್ಲಾಸ್ ಕೊಳ್ಳಿ ಅನ್ನುತ್ತೇನೆ. ಮೂರಕ್ಕೂ ಸೇರಿಸಿ ಕೊಳ್ಳುವುದು ಸುಮ್ನೆ ಖರ್ಚು.

ಗ್ರೂಪ್ 2 ಮೇ 2026ಕ್ಕೆ ಅಂತ ಇಟ್ಟುಕೊಂಡಿದ್ದೇನೆ. ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್‌ಗೆ ಲೈವ್ ಕ್ಲಾಸ್‌ನ ರೆಕಾರ್ಡಿಂಗ್, ಉಳಿದಿದ್ದಕ್ಕೆಲ್ಲ ಮಾಡ್ಯೂಲ್. ಕಾಸ್ಟಿಂಗ್‌ನಲ್ಲಿ ಈಗ ಪ್ರೋಸೆಸ್ ಕಾಸ್ಟಿಂಗ್ (ಹಂತ ಹಂತವಾಗಿ ತಯಾರಾಗುವ ವಸ್ತುವಿನ ವೆಚ್ಚದ ಲೆಕ್ಕ) ನಡೆಯುತ್ತಿದೆ. ನಾರ್ಮಲ್ ಲಾಸ್ ಅಂದರೆ ಏನು ಅಂತ ಅಪ್ಪ ಕೇಳಿದರು. 50 ಕೆಜಿ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಚೀಲದಲ್ಲಿ 27 ಕೆಜಿ ಬೀಜ ಸಿಗುತ್ತದೆ ಅಂತ ನೀವು ಮೊದಲೇ ಲೆಕ್ಕ ಹಾಕುತ್ತೀರಲ್ಲ, ಉಳಿದ 23 ಕೆಜಿಯೇ ಅದು ಅಂದೆ. 25 ಕೆಜಿ ಮಾತ್ರ ಬಂದರೆ ಆ ಎರಡು ಕೆಜಿ ಅಬ್‌ನಾರ್ಮಲ್ ಲಾಸ್. "ಅದಕ್ಕೇ ತಾನೆ ನಾವು ವ್ಯಾಪಾರಿ ಹತ್ತಿರ ಜಗಳ ಆಡೋದು" ಅಂದರು ಅಪ್ಪ.